ನೋವು ಮಂಡಿಯಲ್ಲಿ, ದೋಷ ಎಲ್ಲಿ? ಮಲೆನಾಡಿನ ಮನೆಗಳಿಗೊಂದು ಕೀಲು ತಪಾಸಣೆ ಕೈಪಿಡಿ

ನಾಟಿ ಮುಗಿಯುವ ಹೊತ್ತಿಗೆ ಸೊಂಟ, ಅಡಿಕೆ ಸುಲಿತದ ಹೊತ್ತಿಗೆ ಮಂಡಿ, ಮಳೆಗಾಲ ಪೂರ್ತಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದವರ ಮಣಿಕಟ್ಟು. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆ ಕೀಲುನೋವು ಕೆಲಸದ ಕಾಲವನ್ನೇ ಹಿಡಿದು ಬರುತ್ತದೆ. ಫಿಸಿಯೊಥೆರಪಿ ನನ್ನ ಕಸುಬು. ಬಂದವರಲ್ಲಿ ಹೆಚ್ಚಿನವರು ನೋಯುವ ಜಾಗಕ್ಕೆ ಎಣ್ಣೆ ಹಚ್ಚಿ, ಮೆಡಿಕಲ್ ಶಾಪಿನ ಗುಳಿಗೆ ನುಂಗಿ, ಎರಡಕ್ಕೂ ಬಗ್ಗದ ಮೇಲೆ ಬಂದವರು. ಅಷ್ಟು ಹೊತ್ತಿಗೆ ಕೆಲವರ ವಿಷಯದಲ್ಲಿ ತಡವಾಗಿರುತ್ತದೆ. ಮನೆಯಲ್ಲೇ, ಒಂದು ಪೈಸೆ ಖರ್ಚಿಲ್ಲದೆ ನೋಡಿಕೊಳ್ಳಬಹುದಾದ ಪರೀಕ್ಷೆಗಳು ಎಷ್ಟೋ ಇವೆ. ಅವು ಎಲ್ಲರಿಗೂ ಗೊತ್ತಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೋವು ಎಷ್ಟೋ ಸಲ ತಪ್ಪು ಜಾಗ ತೋರಿಸುತ್ತದೆ. ಆದರೆ ಯಾವ ಕೀಲು ಯಾವ ಕಡೆಗೆ ತಿರುಗುತ್ತಿಲ್ಲ ಎನ್ನುವುದು ಅಷ್ಟು ಸುಲಭಕ್ಕೆ ದಾರಿ ತಪ್ಪಿಸುವುದಿಲ್ಲ. ಆದ್ದರಿಂದ ನೋವಿನ ಹಿಂದೆ ಹೋಗುವ ಮೊದಲು ಚಲನೆ ನೋಡಿ.

ದೊಡ್ಡವರ ಮೈಯಲ್ಲಿ 206 ಮೂಳೆಗಳು. ಹುಟ್ಟಿದ ಮಗುವಿನಲ್ಲಿ 300ರ ಹತ್ತಿರ ಇರುತ್ತವೆ, ಬೆಳೆಯುತ್ತ ಕೆಲವು ಕೂಡಿಕೊಳ್ಳುತ್ತವೆ. ಎರಡು ಮೂಳೆ ಸೇರಿ ಆಡುವ ಕಡೆ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ಸುತ್ತ ಒಂದು ಚೀಲ, ಚೀಲದೊಳಗೆ ಸ್ವಲ್ಪ ಜಿಗುಟು ದ್ರವ, ಹೊರಗೆ ಬಿಗಿಹಿಡಿಯುವ ಲಿಗಮೆಂಟುಗಳು. ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹಾಗಾಗಿ ಅದು ಸವೆಯುವಾಗ ತಾನು ನೋಯುವುದಿಲ್ಲ, ಸವೆದ ಮೇಲೆ ಸುಲಭಕ್ಕೆ ತುಂಬಿಕೊಳ್ಳುವುದೂ ಇಲ್ಲ. ನೋಯುವುದು ಅದರಡಿಯ ಮೂಳೆ, ಸುತ್ತಲಿನ ಚೀಲ, ಸ್ನಾಯು. ಎಕ್ಸ್‌ರೇಯಲ್ಲಿ ಸವೆತ ಜೋರಾಗಿ ಕಂಡವರು ಆರಾಮಾಗಿ ಓಡಾಡುವುದು, ಸವೆತ ಕಾಣದವರು ನರಳುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಮೊದಲ ಪರೀಕ್ಷೆ

ಯಾವ ಕೀಲೇ ಆಗಲಿ, ಮೂರು ಕೆಲಸ ಮಾಡಿ. ಮೊದಲು ಚೆನ್ನಾಗಿರುವ ಕಡೆಯ ಕೀಲನ್ನು ಪೂರ್ತಿ ಆಡಿಸಿ ನೋಡಿ. ನಿಮ್ಮ ಮೈಗೆ ಸರಿ ಎಂದರೆ ಎಷ್ಟು ಎಂಬ ಅಳತೆ ಅಲ್ಲೇ ಸಿಗುತ್ತದೆ. ಆಮೇಲೆ ನೋಯುವ ಕಡೆಯದನ್ನು ನೀವೇ ಆಡಿಸಿ. ಕೊನೆಗೆ ಕೈಕಾಲು ಪೂರ್ತಿ ಸಡಿಲ ಬಿಟ್ಟು ಮನೆಯವರೊಬ್ಬರಿಗೆ ನಿಧಾನ ಆಡಿಸಲು ಹೇಳಿ, ಒತ್ತಾಯ ಬೇಡ.

ನಿಮಗೆ ಆಗದ್ದು ಅವರ ಕೈಯಲ್ಲಿ ಸಲೀಸಾಗಿ ಆಯಿತೇ? ಹಾಗಿದ್ದರೆ ಕೀಲಿನ ಒಳಭಾಗ ಬಹುಮಟ್ಟಿಗೆ ಸರಿ ಇದೆ. ಎಳೆಯುವ ಸ್ನಾಯು, ಅದರ ತುದಿಯ ರಜ್ಜು ಅಥವಾ ಅದಕ್ಕೆ ಹೋಗುವ ನರದಲ್ಲಿ ತೊಂದರೆ. ಅವರ ಕೈಯಲ್ಲೂ ಅದೇ ಜಾಗಕ್ಕೆ ಗಕ್ಕನೆ ನಿಂತಿತೇ? ಕೀಲೇ ಬಿಗಿದಿದೆ. ಎರಡೂ ರೀತಿಯಲ್ಲಿ ಪೂರ್ತಿ ಆಡಿ, ನೋವು ಮಾತ್ರ ಇದ್ದರೆ ಬೇರೆ ಕೀಲಿನ ನೋವು ಇಲ್ಲಿಗೆ ಬಂದಿರಬಹುದು. ಮುಂದಿನದ್ದೆಲ್ಲ ಈ ಪರೀಕ್ಷೆಯ ಮೇಲೆ ನಿಂತಿದೆ.

ಒಂದು ಎಚ್ಚರ: ಬಿದ್ದು ಪೆಟ್ಟಾಗಿದ್ದರೆ, ಕೀಲು ಕೆಂಪಾಗಿ ಬಿಸಿಯಾಗಿ ಊದಿದ್ದರೆ ಈ ಆಡಿಸುವ ಪರೀಕ್ಷೆ ಬೇಡವೇ ಬೇಡ. ಅಂಥದ್ದಕ್ಕೆ ಕೆಳಗೆ ಬೇರೆ ಭಾಗಗಳಿವೆ.

ಕೂತರೆ ಏಳಲಾಗದು, ಮೆಟ್ಟಿಲು ಇಳಿಯುವಾಗ ಮಂಡಿ ನೋವು

ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ನೋವು ಎಂದರೆ ನನ್ನ ಮೊದಲ ಅನುಮಾನ ಮಂಡಿಚಿಪ್ಪಿನ ಹಿಂಭಾಗದ ಮೇಲೆ. ಮೆಟ್ಟಿಲಲ್ಲಿ ಆ ಚಿಪ್ಪಿನ ಮೇಲೆ ಮೈತೂಕದ ಮೂರು-ನಾಲ್ಕು ಪಟ್ಟು ಒತ್ತಡ ಬೀಳುತ್ತದೆ, ಕುಕ್ಕರುಗಾಲಲ್ಲಿ ಕೂತರೆ ಅದಕ್ಕೂ ಹೆಚ್ಚು. ನಮ್ಮ ಗದ್ದೆ, ತೋಟ, ಮನೆ ಎಲ್ಲ ಏರಿಳಿತದಲ್ಲೇ ಇರುವುದರಿಂದ ಈ ದೂರು ಇಲ್ಲಿ ಬೇಗ ಬೆಳಕಿಗೆ ಬರುತ್ತದೆ.

ಖರ್ಚಿಲ್ಲದ ತಪಾಸಣೆ ಹೀಗೆ. ಕಾಲು ಚಾಚಿ ಕೂತು ಎರಡೂ ತೊಡೆಗಳ ಮುಂಭಾಗ, ಮಂಡಿಗಿಂತ ನಾಲ್ಕು ಬೆರಳು ಮೇಲೆ, ನೋಡಿ. ನೋಯುವ ಕಡೆಯ ತೊಡೆ ತೆಳ್ಳಗಾಗಿದ್ದರೆ ಆ ಸ್ನಾಯು ಕೆಲಸ ಬಿಟ್ಟು ಬಹಳ ದಿನವಾಗಿದೆ ಎಂದರ್ಥ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಒಂದೂವರೆ ತಿಂಗಳು ಬಿಡದೆ ಮಾಡಿದ ಮೇಲೆ ಫಲ ಕೇಳಿ, ಅದಕ್ಕೂ ಮೊದಲು ಬೇಡ. ಎಣ್ಣೆ ಹಚ್ಚಿ ನೀವಿದರೆ ಹಿತ ಅನಿಸುತ್ತದೆ ನಿಜ, ಆದರೆ ತೊಡೆಯ ಬಲ ಅದರಿಂದ ಬರುವುದಿಲ್ಲ.

ಅಡಿಕೆ ಸುಲಿಯುವವರ ಕೂರುವ ರೀತಿಯನ್ನು ಹತ್ತಿರದಿಂದ ನೋಡಿ. ಮೆಟ್ಟುಗತ್ತಿಯ ಹಲಗೆಯನ್ನು ಒಂದು ಕಾಲು ಅದುಮಿ ಹಿಡಿದಿರುತ್ತದೆ, ಆ ಮಂಡಿ ಮಡಚಿ ಹೊರಕ್ಕೆ ವಾಲಿರುತ್ತದೆ. ಗಂಟೆಗಟ್ಟಲೆ ಕಾಲು ಬದಲಾಗುವುದೇ ಇಲ್ಲ. ರಾತ್ರಿ ಹತ್ತರವರೆಗೂ ಹಾಗೇ ಕೂತು, ಎದ್ದ ಕೂಡಲೆ ಮೊದಲ ಹೆಜ್ಜೆಗೆ “ಅಯ್ಯೋ” ಎನ್ನುತ್ತಾರೆ. ಇದಕ್ಕೆ ಔಷಧಿಗಿಂತ ಮೊದಲು ಎತ್ತರದ ಮಣೆ ಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಜಗುಲಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ಬಂದರೆ ಕೂಲಿಗೆ ಧಕ್ಕೆ ಬಾರದು. ಸುಲಿಸುವ ಮನೆಯವರೂ ಅಷ್ಟಕ್ಕೆ ಮುಖ ಗಂಟು ಹಾಕಬಾರದು.

ಬೆಳಗ್ಗೆ ಎದ್ದಾಗ ಬಿಗಿತವಿದ್ದು ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ದಿನವಿಡೀ ದುಡಿದರೆ ಸಂಜೆಗೆ ನೋವು, ವಯಸ್ಸು ಐವತ್ತರ ಆಸುಪಾಸು: ಇದು ಸವೆತ. ಮೈತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಯಲ್ಲಿ ಮಂಡಿಗೆ ನಾಲ್ಕು ಕಿಲೋದಷ್ಟು ಭಾರ ತಪ್ಪುತ್ತದೆ. ನಡಿಗೆ ನಿಲ್ಲಿಸಬೇಡಿ. ನೋಯುತ್ತದೆ ಎಂದು ಕೂತವರ ಮಂಡಿಯೇ ಬೇಗ ಕೆಡುವುದು. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ.

ಇಲ್ಲಿಗೆ ನಿಲ್ಲಿಸಿ ಡಾಕ್ಟರ ಬಳಿ ಹೋಗಬೇಕಾದ ಲಕ್ಷಣಗಳೂ ಇವೆ. ಮಂಡಿ ನಡುವೆಯೇ ಸಿಕ್ಕಿಕೊಂಡು ಪೂರ್ತಿ ಚಾಚಲಾಗದಿದ್ದರೆ ಒಳಗಿನ ಮೃದ್ವಸ್ಥಿಯ ಬಿಲ್ಲೆ ಹರಿದು ಅಡ್ಡ ಬಂದಿರಬಹುದು. ಇಳಿಜಾರಿನಲ್ಲಿ ಮಂಡಿ ತಾನಾಗಿ ಕೈಕೊಟ್ಟು ಕುಸಿಯುತ್ತಿದ್ದರೆ ಲಿಗಮೆಂಟ್ ನೋಡಿಸಬೇಕು. ಪೆಟ್ಟು ಬಿದ್ದು ಎರಡು ಗಂಟೆಯೊಳಗೇ ಊದಿಕೊಂಡರೆ ಕೀಲೊಳಗೆ ರಕ್ತ ತುಂಬಿದೆ ಎಂದೇ ತಿಳಿಯಿರಿ. ಮಾರನೇ ದಿನ ಊದಿದರೆ ಅಷ್ಟು ಗಾಬರಿ ಬೇಡ, ಆದರೂ ತೋರಿಸಿ.

ಮಂಡಿ ನೋವು, ಮಂಡಿಯಲ್ಲಿ ಏನೂ ಇಲ್ಲ

ಈ ಭಾಗವನ್ನು ನಿಧಾನ ಓದಿ. ಮಲೆನಾಡಿನಲ್ಲಿ ಇದಕ್ಕೆ ಬೇರೆಲ್ಲೂ ಇಲ್ಲದ ತೂಕವಿದೆ.

ಸೊಂಟದ ಕೀಲು ಇರುವುದು ತೊಡೆಸಂದಿನ ಆಳದಲ್ಲಿ. ಅದು ಕೆಟ್ಟಾಗ ನೋವು ತೊಡೆಸಂದಿನಿಂದ ತೊಡೆಯ ಮುಂಭಾಗ ಹಿಡಿದು ಮಂಡಿಗೆ ಇಳಿಯುತ್ತದೆ, ಏಕೆಂದರೆ ಎರಡೂ ಕೀಲಿಗೆ ಹೋಗುವ ನರಗಳಲ್ಲಿ ಹಂಚಿಕೆ ಇದೆ. ಕೆಲವರಿಗೆ ಮಂಡಿಯೊಂದೇ ನೋಯುತ್ತದೆ. ಮಂಡಿಗೆ ಎಕ್ಸ್‌ರೇ, ಮಂಡಿಗೆ ಮುಲಾಮು, ಮಂಡಿಗೆ ಪಟ್ಟಿ ಎಲ್ಲ ಆಗುತ್ತದೆ, ಸೊಂಟದ ಕೀಲನ್ನು ಯಾರೂ ಮುಟ್ಟಿರುವುದಿಲ್ಲ.

ಪರೀಕ್ಷೆ ಸುಲಭ. ಅಂಗಾತ ಮಲಗಿ, ಮನೆಯವರು ಕಾಲನ್ನು ಮಂಡಿಯಲ್ಲೂ ಸೊಂಟದಲ್ಲೂ ಮಡಚಿ, ಮಂಡಿಯನ್ನು ಅಲ್ಲೇ ಹಿಡಿದುಕೊಂಡು ಪಾದವನ್ನು ಮೆಲ್ಲಗೆ ಹೊರಕ್ಕೆ ಸರಿಸಲಿ. ಹಾಗೆ ಮಾಡಿದಾಗ ಸೊಂಟದ ಕೀಲು ಒಳಮುಖವಾಗಿ ತಿರುಗುತ್ತದೆ. ಈ ತಿರುವು ಮೊದಲು ಕಳೆದುಹೋಗುತ್ತದೆ. ಇನ್ನೊಂದು ಕಾಲಿಗಿಂತ ಸ್ಪಷ್ಟವಾಗಿ ಕಡಿಮೆ ತಿರುಗಿದರೆ, ತೊಡೆಸಂದಿನಲ್ಲಿ ನೋವು ಬಂದರೆ, ದೋಷ ಮಂಡಿಯದ್ದಲ್ಲ. ಇನ್ನೊಂದು ಸುಳಿವು ದಿನದ ಕೆಲಸದಲ್ಲೇ ಇದೆ: ಚಕ್ಕಳಮಕ್ಕಳ ಹಾಕಲಾಗುತ್ತಿಲ್ಲ, ಕಾಲುಂಗುರ ಸರಿಮಾಡಿಕೊಳ್ಳಲು, ಕಾಲಿನ ಉಗುರು ತೆಗೆಯಲು ಕೈ ಎಟಕುತ್ತಿಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನಾಲ್ಕರಿಂದ ಎಂಟು ವರ್ಷದ ಮಗು “ಮಂಡಿ ನೋವು” ಎನ್ನುತ್ತ ಕುಂಟಿದರೆ ತೊಡೆಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗುತ್ತಿಲ್ಲದಿರಬಹುದು. ಎತ್ತರಕ್ಕೆ ಬೆಳೆಯುತ್ತಿರುವ ಹದಿಹರೆಯದ ಹುಡುಗ, ಅದರಲ್ಲೂ ದಪ್ಪಗಿರುವವನು, ಕಾಲು ಹೊರಕ್ಕೆ ತಿರುಗಿಸಿ ಕುಂಟಿದರೆ ಆ ತಲೆ ಬೆಳವಣಿಗೆಯ ಪದರದಲ್ಲಿ ಜಾರುತ್ತಿರಬಹುದು. ಅವನನ್ನು ಒಂದು ಹೆಜ್ಜೆಯೂ ನಡೆಸದೆ ಆಸ್ಪತ್ರೆಗೆ ಕರೆದೊಯ್ಯಿರಿ. “ಬೆಳೆಯುವ ನೋವು” ಎಂದು ಸಮಾಧಾನಪಡಿಸುವುದು ಎರಡೂ ಕಾಲು ಒಟ್ಟಿಗೆ, ರಾತ್ರಿ ಮಾತ್ರ ನೋಯ್ದು, ಬೆಳಗ್ಗೆ ಮಗು ಏನೂ ಆಗದವರಂತೆ ಓಡುವಾಗ ಮಾತ್ರ ಸರಿ. ಒಂದೇ ಕಡೆ ನೋವು, ಕುಂಟು ಇದ್ದರೆ ಅದು ಬೆಳೆಯುವ ನೋವಲ್ಲ.

ಇನ್ನು ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಇದು ವೈದ್ಯರ ಗಮನಕ್ಕೆ ಬಂತು. ಆಮೇಲೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಕಂಡಿತು. ಮೊದಮೊದಲು ಗದ್ದೆಯ ಏಡಿ, ಕೀಟನಾಶಕದ ಮೇಲೆ ಅನುಮಾನ ಬಿದ್ದಿತ್ತು. ನಂತರದ ಅಧ್ಯಯನಗಳು ಇದು ಮೂಳೆಯ ಬೆಳವಣಿಗೆಯಲ್ಲಿನ ವಂಶಪಾರಂಪರ್ಯ ದೋಷ ಎಂದು ತೋರಿಸಿದವು. ಸೊಂಟದ ಕೀಲಿಗೆ ಮುಖ್ಯ ಪೆಟ್ಟು, ಜೊತೆಗೆ ಮಂಡಿ ಮತ್ತು ಬೆನ್ನುಮೂಳೆ. ಕೆಲವರಲ್ಲಿ ಎತ್ತರ ಕುಂಠಿತವಾಗುತ್ತದೆ, ಕೆಲವರು ಸಾಮಾನ್ಯ ಎತ್ತರ ಬೆಳೆದೂ ಚಿಕ್ಕ ವಯಸ್ಸಿಗೇ ಕೀಲು ಸವೆಸಿಕೊಳ್ಳುತ್ತಾರೆ. ನಡೆಯುವಾಗ ಮೈ ಎರಡೂ ಕಡೆ ವಾಲುತ್ತದೆ, ಕೂತರೆ ಏಳುವುದು ಕಷ್ಟ.

ಇದು ಅಂಟುಜಾಡ್ಯ ಅಲ್ಲ. ಒಟ್ಟಿಗೆ ಊಟ ಮಾಡಿದರೆ, ಒಂದೇ ಬಾವಿಯ ನೀರು ಕುಡಿದರೆ ಬರುವುದಿಲ್ಲ. ಬಾಧಿತರಾದ ಬಡ ಕೂಲಿ ಕುಟುಂಬಗಳು ನೋವಿನ ಜೊತೆಗೆ ಊರಿನ ಹಿಂಜರಿಕೆಯನ್ನೂ ಹೊರಬೇಕಾಗಿ ಬಂದದ್ದು ನನಗೆ ಈಗಲೂ ಸಂಕಟದ ವಿಷಯ. ಮನೆಯಲ್ಲಿ ಹಿರಿಯರಿಗೆ ಹೀಗಿದ್ದು, ಮಗುವೋ ಯುವಕನೋ ಸೊಂಟ, ಮಂಡಿ ನೋವು ಎಂದರೆ ಮುಚ್ಚಿಡದೆ ಸೊಂಟದ ಎಕ್ಸ್‌ರೇ ಮಾಡಿಸಿ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಇರುತ್ತದೆ. ದೋಷವನ್ನೇ ತೆಗೆದುಹಾಕುವ ಔಷಧಿ ಇಲ್ಲ. ಆದರೆ ವ್ಯಾಯಾಮ, ಕೋಲು, ನೋವು ನಿರ್ವಹಣೆ, ಕೀಲು ತೀರಾ ಕೆಟ್ಟವರಿಗೆ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಇವೆ. ಅಂಗವೈಕಲ್ಯದ ಪ್ರಮಾಣಪತ್ರ, ಪಿಂಚಣಿಗೂ ಅದೇ ಎಕ್ಸ್‌ರೇ ಆಧಾರವಾಗುತ್ತದೆ.

ನಲವತ್ತರ ಒಳಗಿನ ಗಂಡಸರಲ್ಲಿ ತೊಡೆಸಂದಿನ ನೋವಿಗೆ ಇನ್ನೂ ಒಂದು ಕಾರಣ: ಹೆಚ್ಚು ಕುಡಿತ, ಅಥವಾ ಬಹಳ ದಿನ ಸ್ಟೆರಾಯ್ಡ್ ತೆಗೆದುಕೊಂಡದ್ದು. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಅದು ಒಳಗೊಳಗೇ ಕುಸಿಯುತ್ತದೆ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಲೇಬಲ್ ಇಲ್ಲದೆ ಮಾರುವ ಗಂಟುನೋವಿನ ಗುಳಿಗೆ, ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು. ಎರಡೇ ದಿನದಲ್ಲಿ ನೋವೆಲ್ಲ ಮಾಯವಾಗಿ, ಕೆಲವು ವಾರದಲ್ಲಿ ಮುಖ ದುಂಡಗಾದರೆ ಅದೇ ಗುರುತು. ಅಂಥದ್ದನ್ನು ತಿಂಗಳುಗಟ್ಟಲೆ ತಿಂದವರು ಏಕಾಏಕಿ ನಿಲ್ಲಿಸಲೂಬಾರದು, ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಿ.

ಕೈ ಮೇಲೆತ್ತಲಾಗದು

ಸೊಂಟದ ಕೀಲಿನಲ್ಲಿ ಚೆಂಡು ಆಳವಾದ ಗುಣಿಯಲ್ಲಿ ಕೂತಿದೆ. ಭುಜದಲ್ಲಿ ಅದು ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ. ಸುತ್ತಲಿನ ನಾಲ್ಕು ಸ್ನಾಯುಗಳು ಹಿಡಿದುಕೊಂಡಿದ್ದಕ್ಕೆ ನಿಂತಿದೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಬೇಗ ಕೆಡುತ್ತದೆ.

ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಲಂಬಕೋನಕ್ಕೆ ಮಡಚಿ. ಮೊಣಕೈ ಬಿಡದೆ ಅಂಗೈಯನ್ನು ಹೊರಕ್ಕೆ ತೆರೆಯಿರಿ. ಆಗದಿದ್ದರೆ ಮನೆಯವರು ತೆರೆಯಲಿ. ಅವರಿಗೂ ಆಗದಿದ್ದರೆ ಭುಜ ಹೆಪ್ಪುಗಟ್ಟಿದೆ. ನಲವತ್ತರಿಂದ ಅರವತ್ತರ ನಡುವೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಹೀಗಾದವರು ಸಕ್ಕರೆ ಪರೀಕ್ಷೆ ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿ. ಒಂದರಿಂದ ಮೂರು ವರ್ಷದಲ್ಲಿ ಬಹುತೇಕ ಬಿಡುತ್ತದೆ, ನಡುವೆ ಬಲವಂತವಾಗಿ ಎಳೆಸಿಕೊಳ್ಳಬೇಡಿ. ಬಾಗಿ, ಕೈ ಸಡಿಲವಾಗಿ ಇಳಿಬಿಟ್ಟು ಮೆಲ್ಲಗೆ ಸುತ್ತಿಸುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು ಸಾಕು.

ಮನೆಯವರು ಎತ್ತಿದರೆ ಸಲೀಸಾಗಿ ಏಳುತ್ತದೆ, ಅವರು ಬಿಟ್ಟ ಕೂಡಲೆ ಕೈ ಬಿದ್ದುಹೋಗುತ್ತದೆ ಎಂದರೆ ರಜ್ಜು ಹರಿದಿರಬಹುದು. ದೋಟಿ ಹಿಡಿದು ತಲೆಯ ಮೇಲೆ ಕೆಲಸ ಮಾಡುವವರು, ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವವರು ಇದನ್ನು ಉಳುಕು ಎಂದು ತಳ್ಳಿಹಾಕುತ್ತಾರೆ. ಎರಡು ವಾರ ಕಾದು ನೋಡುವ ಜಾತಿಯದಲ್ಲ ಇದು. ಬಿದ್ದ ಮೇಲೆ ಹೀಗಾಗಿದ್ದರೆ ಬೇಗ ತೋರಿಸಿ.

ಮತ್ತೆ, ಕೈ ಹೇಗೆ ಆಡಿಸಿದರೂ ನೋವು ಹೆಚ್ಚೂ ಆಗುವುದಿಲ್ಲ ಕಡಿಮೆಯೂ ಆಗುವುದಿಲ್ಲ, ಏರು ಹತ್ತಿದರೆ ಹೆಚ್ಚುತ್ತದೆ, ಎದೆ ಬಿಗಿತ, ಬೆವರು, ದವಡೆಗೆ ಹರಡುವ ನೋವು ಇದೆ ಎಂದರೆ ಅದು ಭುಜದ್ದಲ್ಲ, ಹೃದಯದ್ದು. ತಕ್ಷಣ 108ಕ್ಕೆ ಫೋನ್ ಮಾಡಿ.

ಸೊಂಟ ಹಿಡಿದಿದೆ

ಸೊಂಟನೋವು ಎಂದವರಿಗೆ ನಾನು ಮೊದಲು ಕೈಯಿಟ್ಟು ತೋರಿಸಿ ಎನ್ನುತ್ತೇನೆ. ಕೈ ಹಿಂದಕ್ಕೆ, ಬೆನ್ನಿನ ಕೆಳಗೆ ಹೋದರೆ ಅದು ಬೆನ್ನುಮೂಳೆಯ ಕಡೆಯದು. ಪಕ್ಕಕ್ಕೆ ಹೋಗಿ ಹೆಬ್ಬೆರಳು ಹಿಂದೆ, ಉಳಿದ ಬೆರಳು ತೊಡೆಸಂದಿಗೆ ಬಂದರೆ ಹಿಂದೆ ಹೇಳಿದ ಸೊಂಟದ ಕೀಲಿಗೇ ವಾಪಸು ಹೋಗಿ.

ನಾಟಿ ಹಾಕಿ, ಸೊಪ್ಪಿನ ಹೊರೆ ಹೊತ್ತು ಹಿಡಿದುಕೊಂಡ ಬೆನ್ನು ಹೆಚ್ಚಿನವರಲ್ಲಿ ನಾಲ್ಕರಿಂದ ಆರು ವಾರದಲ್ಲಿ ತಾನಾಗಿ ಬಿಡುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬೇಡಿ. ಬಿಸಿನೀರಿನ ಕಾವು ಕೊಡಿ, ಆದಷ್ಟು ಓಡಾಡಿ. ಬೆನ್ನು ತುಳಿಸಿಕೊಳ್ಳುವುದು, ಸೊಂಟ “ಎತ್ತಿ ಕೂರಿಸುವುದು” ಬೇಡ, ವಯಸ್ಸಾದವರಿಗಂತೂ ಖಂಡಿತ ಬೇಡ. ಟೊಳ್ಳಾದ ಮೂಳೆ ಅಷ್ಟಕ್ಕೇ ಕುಸಿದೀತು.

ನೋವು ಮಂಡಿಯ ಕೆಳಗೆ ಪಾದದವರೆಗೆ ಎಳೆದಂತೆ ಇಳಿದು, ಕೆಮ್ಮಿದರೆ ಸೀನಿದರೆ ಜೋರಾದರೆ ನರ ಒತ್ತಿದೆ. ಅಂಗಾತ ಮಲಗಿ ಮಂಡಿ ಮಡಚದೆ ಕಾಲನ್ನು ಇನ್ನೊಬ್ಬರು ಎತ್ತಲಿ. ಅರ್ಧ ದಾರಿಯಲ್ಲೇ ಅದೇ ನೋವು ಕಾಲಲ್ಲಿ ಹೊಡೆದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ, ಅಂದರೆ ಡಿಸ್ಕಿನ ಅನುಮಾನ. ಇದರಲ್ಲೂ ಹೆಚ್ಚಿನದು ಶಸ್ತ್ರಚಿಕಿತ್ಸೆ ಇಲ್ಲದೆ ವಾಸಿಯಾಗುತ್ತದೆ. ಪಾದ ಮೇಲೆತ್ತಲಾಗದೆ ಚಪ್ಪಲಿ ಎಡವುತ್ತಿದ್ದರೆ ಅದೇ ವಾರ ತೋರಿಸಿ.

ರಾತ್ರೋರಾತ್ರಿ ಆಸ್ಪತ್ರೆಗೆ ಹೋಗಬೇಕಾದದ್ದು ಹೀಗಿರುತ್ತದೆ: ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಕೂರುವ ಜಾಗ, ತೊಡೆಗಳ ಒಳಭಾಗ ಮರಗಟ್ಟುವುದು, ಎರಡೂ ಕಾಲು ಸೋಲುವುದು. ನಾಚಿಕೊಂಡು ಬೆಳಗಿನವರೆಗೆ ಕಾಯುವಂತಿಲ್ಲ, ತಡವಾದರೆ ಮೂತ್ರದ ಹಿಡಿತ ಜನ್ಮಕ್ಕೂ ಮರಳದೆ ಹೋಗಬಹುದು. ಮಲಗಿದರೂ ಬಿಡದ ರಾತ್ರಿನೋವು, ಸಂಜೆ ಜ್ವರ, ಇಳಿಯುವ ತೂಕ ಇದ್ದರೆ ಬೆನ್ನುಮೂಳೆಯ ಕ್ಷಯ, ಗಡ್ಡೆ ಇತ್ಯಾದಿ ನೋಡಿಸಬೇಕು.

ಬೆಳಗ್ಗೆ ಬೆರಳು ಮಡಚಲಾಗದು

ಗಡಿಯಾರ ನೋಡಿ. ಬಿಗಿತ ಒಂದು ಗಂಟೆ ದಾಟಿದರೆ, ಎರಡೂ ಕೈಯ ಬೆರಳಿನ ಬುಡದ ಗಂಟುಗಳು ಒಟ್ಟಿಗೆ ಊದಿದ್ದರೆ, ಕೈಕುಲುಕಿ ಹಿಂಡಿದಾಗ ಜೀವ ಹೋದಂತಾದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಬೆರಳಿನ ತುದಿಯ ಗಂಟು ಮಾತ್ರ ಗಟ್ಟಿಯಾಗಿ ಉಬ್ಬಿದ್ದರೆ ಸವೆತ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ರುಮಟಾಯ್ಡಿಗೆ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಸಿಕ್ಕರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ನೋವಿನ ಗುಳಿಗೆ ಮಾತ್ರ ನುಂಗುತ್ತ ವರ್ಷ ಕಳೆದರೆ ಆ ಅವಕಾಶ ಹೋಯಿತು.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕೈ ಕೊಡವಿದರೆ ಬಿಡುತ್ತದೆ ಎಂದರೆ ಮಣಿಕಟ್ಟಿನಲ್ಲಿ ನರ ಒತ್ತಿದೆ. ಹಾಲು ಕರೆಯುವವರಲ್ಲಿ, ಸುಲಿಯುವವರಲ್ಲಿ ಕಾಣುತ್ತದೆ. ರಾತ್ರಿ ಮಣಿಕಟ್ಟು ನೇರ ಇರುವ ಹಾಗೆ ಪಟ್ಟಿ ಕಟ್ಟಿ ಮಲಗಿ ನೋಡಿ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ಕಾಯಬೇಡಿ.

ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋಯುವುದು ಗೌಟ್, ಅಂದರೆ ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು. ಆ ಹೊತ್ತಿಗೆ ರಕ್ತದ ಯೂರಿಕ್ ಆಮ್ಲ ಸರಿಯಾಗಿಯೇ ಬರಬಹುದು, ನೋವು ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಕೀಲುನೋವಿನ ಜೊತೆಗೆ ಜ್ವರ

ಇಲ್ಲಿ ಮನೆಮದ್ದಿಗೆ ಜಾಗ ಕಡಿಮೆ. ಒಂದೇ ಕೀಲು ಬಿಸಿಯಾಗಿ ಊದಿ, ಜ್ವರ ಬಂದು, ಮುಟ್ಟಲು ಬಿಡದಿದ್ದರೆ ಕೀಲೊಳಗೆ ಕೀವು ಆಗಿರಬಹುದು. ಕೆಲವೇ ದಿನದಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ. ಜ್ವರವಿರುವ ಮಗು ಕಾಲೂರಲು ಒಲ್ಲೆ ಎಂದರೂ ಅದೇ ದಿನ, ಅದೇ ಗಂಟೆ ಹೊರಡಿ.

ಮೈಕೈ ಎಲ್ಲ ಕೀಲು ನೋವು, ಜ್ವರ ಎಂದರೆ ಕಾಲ ಮತ್ತು ಜಾಗ ಲೆಕ್ಕ ಹಾಕಿ. ಮಳೆಯಿಲ್ಲದ ತಿಂಗಳುಗಳಲ್ಲಿ, ಅದರಲ್ಲೂ ಡಿಸೆಂಬರಿನಿಂದ ಮೇವರೆಗೆ, ಕಾಡಿಗೆ ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ) ಹೋಗಿ ಬಂದವರಲ್ಲಿ ಮಂಗನ ಕಾಯಿಲೆ ನೆನಪಿಗೆ ಬರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು ಇದನ್ನೇ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಏಕಾಏಕಿ ಜ್ವರ, ತಲೆನೋವು, ಮೈಮುರಿಯುವಂಥ ಸ್ನಾಯುನೋವು. ಮಳೆಗಾಲದಲ್ಲಿ ಗದ್ದೆಕೆಸರಿನಲ್ಲಿ ನಿಂತವರಿಗೆ ಮೀನಖಂಡ ಹಿಂಡಿದರೆ ನೋವು, ಕಣ್ಣು ಕೆಂಪು ಎಂದರೆ ಇಲಿಜ್ವರ. ಜ್ವರ ಬಿಟ್ಟ ಮೇಲೂ ಪಾದದ ಗಂಟು, ಮಣಿಕಟ್ಟು ತಿಂಗಳುಗಟ್ಟಲೆ ನೋಯುವುದು ಚಿಕುನ್‌ಗುನ್ಯ.

ಈ ಜ್ವರಗಳಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ನೋವಿನ ಗುಳಿಗೆ, ಇಂಜೆಕ್ಷನ್ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ, ಡೆಂಗಿಯಲ್ಲಿ ರಕ್ತಸ್ರಾವಕ್ಕೆ, ಇಲಿಜ್ವರದಲ್ಲಿ ಕಿಡ್ನಿಗೆ ಅಪಾಯ. ಪ್ಯಾರಸಿಟಮಾಲ್ ಮಾತ್ರ, ಅದೂ ಹೇಳಿದ ಪ್ರಮಾಣದಲ್ಲಿ. ಕಾಡಿಗೆ ಹೋಗಿದ್ದೆ, ಅಥವಾ ಹತ್ತಿರದಲ್ಲಿ ಮಂಗ ಸತ್ತಿತ್ತು ಎನ್ನುವುದನ್ನು ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ.

ಜಾರಿ ಬಿದ್ದ ಮೇಲೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದುಂಟು. ಉಳಿದ ಘಟ್ಟದ ಊರುಗಳೂ ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗುವುದಿಲ್ಲ. ಅಂಗಳ, ಬಚ್ಚಲು, ಸಂಕ ಎಲ್ಲ ಕಡೆ ಪಾಚಿ.

ಮೊದಲು ಬಳೆ, ಉಂಗುರ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಪಾದ ಉಳುಕಿದ್ದರೆ ನಾಲ್ಕು ಹೆಜ್ಜೆ ಹಾಕಲು ನೋಡಿ. ಕುಂಟುತ್ತಲಾದರೂ ಹಾಕಲಾಗಿ, ಎರಡೂ ಬದಿಯ ಗಂಟುಮೂಳೆಯ ಹಿಂದಿನ ಅಂಚನ್ನು ಕೆಳತುದಿಯಿಂದ ನಾಲ್ಕು ಬೆರಳು ಮೇಲಿನವರೆಗೆ ಒತ್ತಿದಾಗ ಮೂಳೆಯ ಮೇಲೆ ನೋವಿಲ್ಲದಿದ್ದರೆ, ಪಾದದ ನಡುಭಾಗವೂ ನೋಯದಿದ್ದರೆ ಮುರಿದಿರುವ ಸಾಧ್ಯತೆ ಬಹಳ ಕಡಿಮೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಟ್ಟು, ಕಾಲೆತ್ತಿ ಮಲಗಿ. ಮೊದಲ ಎರಡು ದಿನ ಬಿಸಿ ಕಾವು, ತಿಕ್ಕುವುದು ಬೇಡ.

ಕೈಯೂರಿ ಬಿದ್ದು ಮಣಿಕಟ್ಟು ಸೊಟ್ಟಗಾದರೆ ಮುರಿದಿದೆ ಎನ್ನಲು ಎಕ್ಸ್‌ರೇ ಬೇಕಿಲ್ಲ, ಕೂರಿಸಲು ಬೇಕು. ಸೊಟ್ಟಗಾಗದೆ ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದರೆ ನೋಯುತ್ತಿದ್ದರೆ ಅಲ್ಲಿನ ಪುಟ್ಟ ಮೂಳೆ ಸೀಳಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಹತ್ತು-ಹದಿನಾಲ್ಕು ದಿನದ ನಂತರದ್ದರಲ್ಲಿ ಕಾಣುವುದುಂಟು. ಅಜ್ಜಿ ಬಚ್ಚಲಲ್ಲಿ ಬಿದ್ದು ಏಳಲಾಗದೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲಿದ್ದರೆ ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದಿದೆ. “ವಯಸ್ಸಾಯಿತು, ಮಲಗಿರಲಿ” ಎನ್ನಬೇಡಿ. ಮಲಗಿಸಿಯೇ ಬಿಟ್ಟರೆ ಬೆನ್ನಹುಣ್ಣು, ನ್ಯುಮೋನಿಯಾ ಜೀವ ತೆಗೆಯುತ್ತವೆ. ಬೇಗ ಶಸ್ತ್ರಚಿಕಿತ್ಸೆಯಾದರೆ ಎಂಬತ್ತರವರನ್ನೂ ಕೆಲವೇ ದಿನದಲ್ಲಿ ಎಬ್ಬಿಸಿ ನಿಲ್ಲಿಸಬಹುದು.

ಮೂಳೆ ಕೂರಿಸುವ ನಾಟಿ ವೈದ್ಯರ ಮೇಲೆ ನಮ್ಮ ಕಡೆ ನಂಬಿಕೆ ದೊಡ್ಡದು, ಅವರ ಕೈಗುಣದಿಂದ ವಾಸಿಯಾದವರೂ ಇದ್ದಾರೆ. ಆದರೂ ಎರಡು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಬಿದಿರ ದಬ್ಬೆಯಿಟ್ಟು ಬಿಗಿದ ಕಟ್ಟಿನ ಮುಂದೆ ಬೆರಳು ತಣ್ಣಗಾದರೆ, ನೀಲಿಯಾದರೆ, ಮರಗಟ್ಟಿದರೆ, ಬೆರಳನ್ನು ಇನ್ನೊಬ್ಬರು ನೇರ ಮಾಡಿದಾಗ ತಡೆಯಲಾರದ ನೋವಾದರೆ ಕಟ್ಟನ್ನು ಆ ಕ್ಷಣ ಬಿಚ್ಚಿ ಆಸ್ಪತ್ರೆಗೆ ಓಡಿ. ಕೆಲವು ಗಂಟೆ ಕಳೆದರೆ ಒಳಗಿನ ಸ್ನಾಯು ಸತ್ತು ಕೈ ಕೊಕ್ಕೆಯಾಗಿ ಉಳಿಯುತ್ತದೆ. ಎರಡನೆಯದು, ಪೆಟ್ಟಾದ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅದರಲ್ಲೂ ಮಕ್ಕಳದ್ದನ್ನು. ತಿಕ್ಕಿದ ಸ್ನಾಯುವಿನೊಳಗೆ ಮೂಳೆ ಬೆಳೆದು ಮೊಣಕೈ ಮಡಚದೆ ಹೋಗುತ್ತದೆ. ಸಾಗಿಸುವವರೆಗೆ ಒಂದು ಒಣ ಅಡಿಕೆ ಹಾಳೆಯನ್ನು ಕೈಯ ಅಳತೆಗೆ ಕತ್ತರಿಸಿ, ಒಳಗೆ ಮೆತ್ತನೆ ಬಟ್ಟೆ ಹಾಸಿ, ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲು ಎರಡೂ ಅಲುಗದಂತೆ ಸಡಿಲವಾಗಿ ಕಟ್ಟಿದರೆ ಸಾಕು.

ಕೊನೆ ತೆಗೆಯುವಾಗ ಮರದಿಂದ ಬಿದ್ದವರನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಲೂ ತಲೆ ಎತ್ತಬೇಡಿ. ಕಂಬಳಿಯ ಜೋಳಿಗೆಯಲ್ಲಿ ಹೊತ್ತರೆ ಬೆನ್ನು ಬಾಗುತ್ತದೆ. ಮೂಳೆ ಮುರಿದು ಇನ್ನೂ ಉಳಿದಿದ್ದ ಬೆನ್ನುಹುರಿ ಅಲ್ಲಿ ಕತ್ತರಿಸಬಹುದು. 108 ಬರುವವರೆಗೆ ತಲೆ ಅಲುಗದಂತೆ ಒಬ್ಬರು ಎರಡೂ ಕೈಯಲ್ಲಿ ಹಿಡಿದಿರಲಿ. ಗಾಡಿ ಬಾರದ ತೋಟವಾದರೆ ಅಗಲದ ಹಲಗೆ ಅಥವಾ ಬಾಗಿಲು ತನ್ನಿ. ತಲೆ ಹಿಡಿದವರು ಎಣಿಸಲಿ, ಮೂರ್ನಾಲ್ಕು ಜನ ಮೈಯನ್ನು ಒಂದೇ ತುಂಡಿನಂತೆ ಹೊರಳಿಸಿ ಹಲಗೆ ಸೇರಿಸಿ.

ಲಟಕ್ ಎನ್ನುವ ಕೀಲು

ನೋವಿಲ್ಲ, ಊತವಿಲ್ಲ, ಶಬ್ದ ಮಾತ್ರ ಎಂದರೆ ಬಿಟ್ಟುಬಿಡಿ. ಬೆರಳು ನೆಟಿಕೆ ತೆಗೆದಾಗ ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಾಡುವ ಸದ್ದು ಅದು. ಸುಮಾರು ಇಪ್ಪತ್ತು ನಿಮಿಷ ಅದೇ ಬೆರಳು ಮತ್ತೆ ಸದ್ದು ಮಾಡದು.

ಆಸ್ಪತ್ರೆಗೆ ಹೊರಡುವಾಗ

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುಮಾಡಿ, ಎಕ್ಸ್‌ರೇಗೆ ತಾಲ್ಲೂಕು ಆಸ್ಪತ್ರೆ, ದೊಡ್ಡ ಪೆಟ್ಟು, ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ. ಹೊರಡುವಾಗ ಹಳೆಯ ಎಕ್ಸ್‌ರೇ, ತಿನ್ನುತ್ತಿರುವ ಎಲ್ಲ ಗುಳಿಗೆಯ ಪಟ್ಟಿ, ನಾಟಿ ಪುಡಿಯಿದ್ದರೆ ಅದರ ಪೊಟ್ಟಣವನ್ನೂ ಕಟ್ಟಿಕೊಳ್ಳಿ. ಬಿಪಿ, ಸಕ್ಕರೆ, ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರು ನೋವಿನ ಗುಳಿಗೆ ಬರೆಸಿಕೊಳ್ಳುವ ಮೊದಲೇ ಅದನ್ನು ಹೇಳಬೇಕು. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ನೋವು ಯಾವಾಗ ಶುರುವಾಯಿತು, ಬೆಳಗಿನ ಬಿಗಿತ ಎಷ್ಟು ಹೊತ್ತು, ಯಾವ ಚಲನೆ ಇನ್ನೊಂದು ಕಡೆಗಿಂತ ಕಡಿಮೆ, ಇನ್ನೊಬ್ಬರು ಆಡಿಸಿದರೆ ಆಗುತ್ತದೆಯೋ ಇಲ್ಲವೋ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ. ಮಂಡಿನೋವಿಗೆ ಮಂಡಿಯ ಎಕ್ಸ್‌ರೇ ಮಾತ್ರ ಬರೆದುಕೊಟ್ಟರೆ, “ಡಾಕ್ಟ್ರೇ, ಸೊಂಟದ ಕೀಲನ್ನೂ ಒಮ್ಮೆ ತಿರುಗಿಸಿ ನೋಡ್ತೀರಾ?” ಎಂದು ಸಂಕೋಚವಿಲ್ಲದೆ ಕೇಳಿ.